ಹುಣಸೆಹಣ್ಣು ಹಾಕಿ ತಿಕ್ಕಿದ ಎರಡು ಬಿರಡೆ

ಜವರಣ್ಣನವರ ಬೆಸುಗೆಯಲ್ಲಿ ತಪ್ಪಿರಲಿಲ್ಲ. ತಪ್ಪು ಮಾಡಿದವಳು ನಾನು. ಅದು ನನಗೆ ಅವತ್ತೇ, ಆ ಗಳಿಗೆಯಲ್ಲೇ ಗೊತ್ತಿತ್ತು — ಗೊತ್ತಿದ್ದೂ ನಾಲ್ಕು ಜನರ ಮುಂದೆ "ಬೆಸುಗೆ ಸರಿಯಿಲ್ಲ" ಅಂದೆ. ಹನ್ನೊಂದು ವರ್ಷ ಆ ಮಾತನ್ನು ಹಾಗೇ ಇರಲು ಬಿಟ್ಟೆ.

ಇಷ್ಟು ಬರೆದು ಪೆನ್ನು ಕೆಳಗಿಡಬಹುದು. ಹೇಳಬೇಕಾದ್ದು ಇಷ್ಟೇ. ಆದರೆ ಇಷ್ಟೇ ಓದಿದವರು ಏನೋ ವೈರಿನ ವಿಷಯ ಅಂದುಕೊಂಡು ಪುಟ ತಿರುಗಿಸಿಬಿಡುತ್ತಾರೆ. ವೈರಿನ ವಿಷಯವೇ, ಹೌದು. ಆ ವೈರಿನ ಒಂದು ತುದಿಯಲ್ಲಿ ನಾನಿದ್ದೆ, ಇನ್ನೊಂದು ತುದಿಯಲ್ಲಿ ಅವರಿದ್ದರು — ಅದನ್ನು ಹೇಳದೆ ಮುಗಿಸಿದರೆ ಮತ್ತೆ ಮುಚ್ಚಿಟ್ಟ ಹಾಗೇ ಆಗುತ್ತದೆ.

ನನ್ನ ಹೆಸರು ಚಿಕ್ಕತಾಯಮ್ಮ. ಬಿಳಿಕೆರೆಯಲ್ಲಿ ಬಸ್ಸಿಳಿದು ಒಳದಾರಿಯಲ್ಲಿ ಒಂದು ಗಂಟೆ ನಡೆದರೆ ನಮ್ಮ ಊರು. ಅಪ್ಪ ಕಂಡವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕುತ್ತಿದ್ದ. ಅಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ. ಅವರ ಮಗಳು ನಾನು ಹುಣಸೂರಿಗೆ ದಿನಾ ಹೋಗಿ ಬಂದು, ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಸೂತ್ರ ಬಾಯಿಪಾಠ ಮಾಡಿ, ಒಂದು ಪೇಪರನ್ನೂ ಉಳಿಸಿಕೊಳ್ಳದೆ ಬಿಎಸ್ಸಿ ಮುಗಿಸಿದೆ. ನಮ್ಮ ಕಡೆಯ ಎರಡೂ ಮನೆತನದಲ್ಲಿ ಡಿಗ್ರಿ ಅಂತ ಕಂಡದ್ದು ಅದೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚ ಇಲ್ಲ, ಇವತ್ತೂ ಇಲ್ಲ.

ಆ ವರ್ಷದ ಆಯುಧಪೂಜೆಗೆ ಅಮ್ಮ ಕುಡುಗೋಲು, ಗುದ್ದಲಿ, ಒನಕೆ ಎಲ್ಲ ತೊಳೆದು ಸಾಲಾಗಿ ಇಟ್ಟು, ಅವುಗಳ ಪಕ್ಕದಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟನ್ನೂ ಇಟ್ಟಳು. "ಇದೂ ನಮ್ ಮನೆ ಆಯುಧ್ವೇ ಕಣ" ಅಂದು ಮೂಲೆಗೆ ಅರಿಶಿನ ಕುಂಕುಮ ಹಚ್ಚಿದಳು. ಆ ಕೆಂಪು ಕಲೆ ಇನ್ನೂ ಇದೆ. ಕೆಲಸ ಕೇಳಲು ಹೋದ ಕಡೆಯೆಲ್ಲ "ಇದೇನಮ್ಮ ಕಲೆ?" ಅಂತ ಕೇಳಿದ್ದಾರೆ. "ಆಯುಧಪೂಜೆ ಸಾರ್" ಅಂದಿದ್ದೇನೆ. ಒಬ್ಬರೂ ನಕ್ಕಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದು ಈ ಪೂಜೆಯಲ್ಲೇ ಶುರುವಾದದ್ದು.

ಮರುವರ್ಷ ನನಗೆ ಮೊದಲು ಸಿಕ್ಕ ಕೆಲಸ ಹುಣಸೂರು ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ. ಅದು ಅದುವರೆಗೂ ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಯಜಮಾನರು ಶಿವಣ್ಣನವರು, ಒಳ್ಳೆಯ ಮನುಷ್ಯ, ಮಾತು ಮಾತ್ರ ಜೋರು. ಟೈಪ್‌ರೈಟರ್‌ಗಳನ್ನು ಒಂದು ಮೂಲೆಗೆ ಸರಿಸಿ, ಮೈಸೂರಿನ ಮನೆಗಳಲ್ಲಿ ಮಕ್ಕಳು ಆಡಿ ಬೇಸತ್ತು ಬಿಟ್ಟ ಹಳೇ ಕಂಪ್ಯೂಟರು ಮೂರು ತಂದಿಟ್ಟಿದ್ದರು. ಒಂದರ ಪರದೆಯ ಅಂಚಿಗೆ ಯಾವುದೋ ಮಗು ಅಂಟಿಸಿದ ಗಿಣಿಯ ಚಿತ್ರ ಹಾಗೇ ಇತ್ತು. ನಾವು ಅದನ್ನು ಗಿಣಿ ಕಂಪ್ಯೂಟರು ಅಂತಲೇ ಕರೆಯುತ್ತಿದ್ದೆವು.

ಮೂರು ಕಂಪ್ಯೂಟರು, ಪ್ರಿಂಟರು ಒಂದೇ — ಕರಕರ ಅಂತ ಸದ್ದು ಮಾಡುತ್ತಾ, ಅಂಚಿಗೆ ತೂತಿರುವ ಕಾಗದವನ್ನು ಎಳೆದುಕೊಳ್ಳುತ್ತಿದ್ದ ಹಳೇ ಪ್ರಿಂಟರು. ಅದನ್ನು ಗಿಣಿ ಕಂಪ್ಯೂಟರಿಗೆ ಸಿಕ್ಕಿಸಿದ್ದರು. ಉಳಿದೆರಡರಲ್ಲಿ ಏನು ಟೈಪ್ ಮಾಡಿದರೂ ಫ್ಲಾಪಿಗೆ ಹಾಕಿಕೊಂಡು ಎದ್ದು ಹೋಗಿ ಗಿಣಿಗೆ ತುರುಕಬೇಕು. ಗಿಣಿಯ ಮುಂದೆ ಯಾವಾಗಲೂ ಸಾಲು. ಮೂರನ್ನೂ ಒಂದು ವೈರಿನಲ್ಲಿ ಕಟ್ಟಿಬಿಟ್ಟರೆ ಕೂತಲ್ಲಿಂದಲೇ ಪ್ರಿಂಟು ಹೊಡೆಯಬಹುದು ಅಂತ ಶಿವಣ್ಣನವರು ಎಲ್ಲೋ ಕೇಳಿಸಿಕೊಂಡು ಬಂದರು.

"ಏನಮ್ಮ ಬಿಎಸ್ಸಿ, ನಿಂಗೆ ಬತ್ತದಾ ಇದು?"

ಬರುತ್ತಿರಲಿಲ್ಲ. ಬರಲ್ಲ ಅನ್ನಲು ಬಾಯಿ ಬರಲಿಲ್ಲ. "ಪುಸ್ತಕ ನೋಡಬೇಕು ಸಾರ್" ಅಂದೆ.

ಆಗ ಮೆಟ್ಟಿಲ ಕೆಳಗಿಂದ ಒಂದು ದನಿ ಬಂತು. "ಪುಸ್ತಕ ನೀ ನೋಡವ್ವ. ವೈರು ನಾ ನೋಡ್ತೀನಿ."

ಅವರೇ ಜವರಣ್ಣ. ಮೆಟ್ಟಿಲ ಕೆಳಗೆ ಅವರದು ರೇಡಿಯೋ ರಿಪೇರಿ ಅಂಗಡಿ. ಓದಿದ್ದು ಏಳನೇ ಕ್ಲಾಸು. ಆಗ ನಲವತ್ತರ ಆಸುಪಾಸು. ಯಾವ ಪೆಟ್ಟಿಗೆ ಕಂಡರೂ ಹಿಂಬದಿ ಬಿಚ್ಚಿ ನೋಡುವ ಆಸೆ ಆ ಮನುಷ್ಯನಿಗೆ. ಮಾತಾಡುವಾಗಲೂ ಕೈಯಲ್ಲಿ ಬೆಸುಗೆ ಕಡ್ಡಿ.

ಮೂರು ವಾರ ನಾವಿಬ್ಬರೂ ಆ ಕೆಲಸಕ್ಕೆ ಬಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ಖುಷಿಯಾಗಿ ಕಲಿತ ದಿನಗಳು ಬೇರೆ ಇಲ್ಲ — ಕಾಲೇಜಿನಲ್ಲೂ ಇಲ್ಲ. ಇಂಗ್ಲಿಷ್ ಪುಸ್ತಕವನ್ನು ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಕೇಳಿಸಿಕೊಂಡು ಕೈಯಲ್ಲಿ ಮಾಡುವುದು. ಮೊದಲು ಅವರು ಕೇಬಲ್ ಟಿವಿಯ ವೈರು ತಂದರು, ನೋಡಲು ಒಂದೇ ಥರ. ಅದು ಎಪ್ಪತ್ತೈದು ಓಮ್, ನಮಗೆ ಬೇಕಾದ್ದು ಐವತ್ತು ಅಂತ ಪುಸ್ತಕದಲ್ಲಿ ಕಂಡುಹಿಡಿದವಳು ನಾನು. "ನೋಡಪ್ಪಾ! ಬಿಎಸ್ಸಿ ಅಂದ್ರೆ ಸುಮ್ಕೆ ಅಲ್ಲ" ಅಂತ ಅವರು ಶಿವಣ್ಣನವರಿಗೆ ಕೇಳಿಸುವ ಹಾಗೆ ಕೂಗಿದ್ದರು. ಓಮ್‌ನ ನಿಯಮ ನಾನು ಪರೀಕ್ಷೆಯಲ್ಲಿ ನಾಲ್ಕು ಸಲ ಬರೆದಿದ್ದೆ. ಆ ಓಮ್ ಹೊತ್ತ ಸಾಮಾನನ್ನು ಕೈಯಲ್ಲಿ ಮುಟ್ಟಿದ್ದು ಅವರ ಅಂಗಡಿಯಲ್ಲೇ ಮೊದಲು.

ಕಂಪ್ಯೂಟರುಗಳು ಸಾಲಾಗಿ ಮೂರು, ಒಂದೊಂದರ ಹಿಂದೆ ವೈರು ಸಿಕ್ಕಿಸಲು ಒಂದು ದುಂಡು ಬಾಯಿ. ನಡುವೆ ಎರಡು ತುಂಡು ಕರಿ ವೈರು. ಒಂದೊಂದು ತುಂಡಿಗೆ ಎರಡು ತುದಿ, ಒಟ್ಟು ನಾಲ್ಕು ಬೆಸುಗೆ. ಸಾಲಿನ ಎರಡೂ ಕೊನೆಗೆ ಬೆರಳ ತುದಿಯಷ್ಟು ದಪ್ಪದ ಲೋಹದ ಮುಚ್ಚಳ, ತಿರುಗಿಸಿ ಸಿಕ್ಕಿಸುವಂಥದ್ದು. ಪುಸ್ತಕದಲ್ಲಿ ಅದಕ್ಕೆ ಟರ್ಮಿನೇಟರ್ ಅಂತ ಹೆಸರು. ಜವರಣ್ಣ ಬಿರಡೆ ಅಂದರು. "ನೀರಿನ ಪೈಪಿನ ಕೊನೆಗೆ ಬಿರಡೆ ಹಾಕ್ನಿಲ್ಲ ಅಂದ್ರೆ ಏನಾಯ್ತದೆ? ಅಂಗೇ ಕಣವ್ವ ಇದು." ಒಂದು ಬಿರಡೆ ಕೆಟ್ಟರೂ ಮೂರು ಕಂಪ್ಯೂಟರೂ ಒಂದಕ್ಕೊಂದು ಮಾತು ಬಿಡುತ್ತವೆ.

ಜೋಡಿಸಿ ಮುಗಿದ ದಿನ ಮೂರನೆಯ ಕಂಪ್ಯೂಟರಿನಲ್ಲಿ ನಾನು "ಜವರಣ್ಣ" ಅಂತ ಟೈಪ್ ಮಾಡಿ ಪ್ರಿಂಟು ಕೊಟ್ಟೆ. ಆ ಕಡೆ ಪ್ರಿಂಟರು ಒಮ್ಮೆ ಕೆಮ್ಮಿ, ಕರಕರ ಅಂತ ಆ ಹೆಸರನ್ನು ಹೊಡೆಯಿತು. ಅವರು ಕಾಗದ ಹರಿದುಕೊಂಡು ಅಂಗಡಿಗೆ ಇಳಿದು ಹೋಗಿ ಗೋಡೆಗೆ ಅಂಟಿಸಿದರು. ಮಾರನೆಯ ದಿನವೇ ಪೇಂಟರನ್ನು ಕರೆಸಿ ಬೋರ್ಡಿನಲ್ಲಿ "ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ" ಕೆಳಗೆ ಇನ್ನೊಂದು ಸಾಲು ಬರೆಸಿದರು — "ಕಂಪ್ಯೂಟರ್‌ಗಳನ್ನು ಜೋಡಿಸಿಕೊಡಲಾಗುವುದು."

ಆ ಸಾಲು ನೋಡಿದಾಗ ನನಗೆ ಏನಾಯಿತು ಅಂತ — ಬರೆಯಲೇಬೇಕು. ನನಗೆ ಇಷ್ಟವಾಗಲಿಲ್ಲ. ಪುಸ್ತಕ ಓದಿದವಳು ನಾನು. ನನ್ನ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಸೆಂಟರಿಗೆ ಬಂದವರೆಲ್ಲ "ಯಾರು ಮಾಡಿದ್ದು ಇದು?" ಅಂತ ಕೇಳಿದರೆ ಶಿವಣ್ಣನವರು ಮೆಟ್ಟಿಲ ಕೆಳಕ್ಕೆ ಬೆರಳು ತೋರಿಸುತ್ತಿದ್ದರು. ಏಳನೇ ಕ್ಲಾಸಿನ ಕಡೆಗೆ.

ಅದೇ ಹೊತ್ತಿಗೆ ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರ ಸಂಘವೊಂದರಿಂದ ಮಾತು ಬಂತು. ಅವರ ಆಫೀಸಿನಲ್ಲಿ ನಾಲ್ಕು ಹಳೇ ಕಂಪ್ಯೂಟರು, ಎರಡು ಪ್ರಿಂಟರು. ಹರಾಜಿನ ಕಾಲ, ಬೆಳೆಗಾರರಿಗೆ ಚೀಟಿ ಹೊಡೆದುಕೊಡುವಲ್ಲಿ ನೂಕುನುಗ್ಗಲು. ನಮ್ಮಲ್ಲಿ ಬಂದು ನೋಡುತ್ತೇವೆ, ಸರಿ ಕಂಡರೆ ಜೋಡಿಸುವ ಕೆಲಸ ಜವರಣ್ಣನಿಗೇ ಕೊಡುತ್ತೇವೆ, ಆಮೇಲೆ ಬೇರೆ ಸಂಘಗಳಿಗೂ ಹೇಳುತ್ತೇವೆ ಅಂದರು. ವಿಜಯದಶಮಿಯ ಮಾರನೆಯ ದಿನ ಬರುವುದು ಅಂತಾಯಿತು.

ಜವರಣ್ಣ ಹಬ್ಬಕ್ಕೆ ಹೆಂಡತಿ ಗೌರಮ್ಮನ ಊರಿಗೆ, ಅಂತರಸಂತೆ ಕಡೆಗೆ ಹೊರಟರು. ಹೋಗುವಾಗ ಮೆಟ್ಟಿಲು ಹತ್ತಿ ಬಂದು ಹೇಳಿದರು:

"ತಾಯವ್ವ, ಪೂಜೆಗೆ ಬಟ್ಟೇಲಿ ಒರ್ಸು ಸಾಕು. ಆ ಬಿರಡೆ ಮಾತ್ರ ಬಿಚ್ಬ್ಯಾಡ."

"ನಂಗೆ ಗೊತ್ತಿಲ್ವಾ ಜವರಣ್ಣ?" ಅಂದೆ, ಸ್ವಲ್ಪ ಬಿರುಸಾಗಿ.

"ಗೊತ್ತದೆ ಕಣವ್ವ. ನಿಂಗ್ ಗೊತ್ತಿಲ್ದೆ ಇನ್ಯಾರ್ಗೆ? ಆದ್ರೂ ಯೋಳ್ದೆ."

ಆಯುಧಪೂಜೆಯ ಬೆಳಿಗ್ಗೆ ಸೆಂಟರಿನಲ್ಲಿ ನಾನೊಬ್ಬಳೇ ಎಲ್ಲ ಒರೆಸಿದೆ. ಪರದೆ ಒರೆಸಿದೆ, ಕೀಲಿಮಣೆ ಒರೆಸಿದೆ, ಪ್ರಿಂಟರಿನ ಮೈ ಒರೆಸಿದೆ. ಎರಡು ಬಿರಡೆಗಳು ಮಾತ್ರ ಬೆರಳ ಗುರುತು ಹತ್ತಿ ಮಂಕಾಗಿದ್ದವು. ಆಯುಧ ಮಂಕಾಗಿ ಪೂಜೆಗೆ ಕೂರುವುದುಂಟೆ? ಬಿಚ್ಚಿ, ಅಮ್ಮ ಹಿತ್ತಾಳೆ ಚೊಂಬಿಗೆ ಮಾಡುವ ಹಾಗೆ ಬಟ್ಟಲಲ್ಲಿ ಹುಣಸೆಹಣ್ಣು ನೆನೆಹಾಕಿ, ಅದರಲ್ಲಿ ಎರಡನ್ನೂ ಅದ್ದಿಟ್ಟು, ಚೆನ್ನಾಗಿ ತಿಕ್ಕಿ ತೊಳೆದೆ. ಬೆಳ್ಳಿಯ ಹಾಗೆ ಹೊಳೆದವು. ಒರೆಸಿ, ತಿರುಗಿಸಿ ಸಿಕ್ಕಿಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆ. ಒಳಗೆ ನೀರು ನಿಂತಿರುತ್ತದೆ, ಹುಳಿ ನಿಂತಿರುತ್ತದೆ, ಆ ಹುಳಿನೀರಿನಲ್ಲಿ ಕರೆಂಟು ಹರಿಯುತ್ತದೆ ಅನ್ನುವುದು ರಸಾಯನಶಾಸ್ತ್ರ ಓದಿದ ನನ್ನ ತಲೆಗೆ ಬರಲೇ ಇಲ್ಲ. ಇಲ್ಲಿಯವರೆಗೆ ಬರೀ ಪೆದ್ದುತನ. ಇದಕ್ಕಾಗಿ ನಾನು ಇಷ್ಟು ಬರೆಯುತ್ತಿರಲಿಲ್ಲ.

ಪೂಜೆಯ ದಿನ ಕಂಪ್ಯೂಟರು ಹಾಕುವಂತಿಲ್ಲ, ಮಾರನೆಯ ದಿನ ರಜೆ. ಅದರ ಮಾರನೆಯ ಬೆಳಿಗ್ಗೆ ಹಾಕಿದರೆ — ಒಂದೊಂದೂ ತನ್ನಷ್ಟಕ್ಕೆ ಚೆನ್ನಾಗಿದೆ, ಒಂದಕ್ಕೊಂದು ಕಾಣುತ್ತಿಲ್ಲ. ಗಿಣಿ ಮಾತ್ರ ಪ್ರಿಂಟು ಕೊಡುತ್ತಿದೆ. ಉಳಿದೆರಡಕ್ಕೆ ಪ್ರಿಂಟರೇ ಇಲ್ಲ.

ಜವರಣ್ಣ ಎಚ್.ಡಿ. ಕೋಟೆ ಬಸ್ಸಿಳಿದು ಕೈಚೀಲ ಸಮೇತ ನೇರ ಮೇಲೆ ಬಂದರು. ಅವರ ಹಿಂದೆಯೇ ಸಂಘದವರು ಇಬ್ಬರು, ಕಾರ್ಯದರ್ಶಿ ಮತ್ತು ಗುಮಾಸ್ತ. ಅರ್ಜಿ ಟೈಪ್ ಮಾಡಿಸಲು ಬಂದ ರೈತರೊಬ್ಬರು ಬೆಂಚಿನ ಮೇಲೆ ಕೂತಿದ್ದರು. ಇವರ ಜೊತೆ ಶಿವಣ್ಣನವರು. ಅಲ್ಲಿಗೆ ನಾಲ್ಕು ಜನ.

ಜವರಣ್ಣ ಮೀಟರು ಹಿಡಿದರು. ಮುಳ್ಳು ಒಂದು ಕಡೆ ನಿಲ್ಲುತ್ತಿಲ್ಲ. "ಎಲ್ಲೋ ಸೋರ್ತಾ ಅದೆ" ಅಂದರು. ಯಾವ ಬೆಸುಗೆಗಾರನಾದರೂ ಮೊದಲು ಅನುಮಾನ ಪಡುವುದು ತನ್ನ ಕೈಯನ್ನೇ. ಒಂದು ಬೆಸುಗೆ ಕತ್ತರಿಸಿ ಹೊಸದಾಗಿ ಹಾಕಿದರು. ಆಗಲಿಲ್ಲ. ಎರಡನೆಯದು. ಆಗಲಿಲ್ಲ. ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಜವರಣ್ಣ ಮೂರನೆಯದಕ್ಕೆ ಹೋಗುವಾಗ ಕೊನೆಯ ಬಿರಡೆ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇಡ್ಕಳವ್ವ."

ಹಿಡಿದುಕೊಂಡೆ. ಅದರ ಬಾಯೊಳಗೆ, ನಡುವಿನ ಸೂಜಿಯ ಪಕ್ಕದಲ್ಲಿ, ಕಂದು ಬಣ್ಣದ ಒಂದು ಎಳೆ ಇತ್ತು. ಹುಣಸೆ ನಾರು. ಒದ್ದೆಯಾಗೇ ಇತ್ತು.

ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ಬಾಯಿ ತೆಗೆದರೆ ಎರಡು ನಿಮಿಷದ ಕೆಲಸ, ಒಂದು ಬಟ್ಟೆ, ಒಂದು ಸೂಜಿ, ಸ್ವಲ್ಪ ಬಿಸಿ. ಎಲ್ಲರೂ ನಗುತ್ತಿದ್ದರು, ಬಿಎಸ್ಸಿ ಹುಡುಗಿ ಕಂಪ್ಯೂಟರಿಗೆ ಹುಣಸೆಹಣ್ಣು ಹಾಕಿದಳು ಅಂತ. ನಕ್ಕು ಮರೆಯುತ್ತಿದ್ದರು. ನಾನು...

ಮುಷ್ಟಿ ಮುಚ್ಚಿಕೊಂಡೆ.

"ಇನ್ನೊಂದ್ ಗಂಟೆ ಕೊಡಿ ಸಾಮಿ, ಹಿಡ್ದೇ ಹಿಡೀತೀನಿ" ಅಂದರು ಜವರಣ್ಣ.

ಶಿವಣ್ಣನವರಿಗೆ ಸಂಘದವರ ಮುಂದೆ ಮುಖ ಕೆಂಪಾಗಿತ್ತು. ನನ್ನ ಕಡೆ ತಿರುಗಿದರು. "ನೀ ಓದಿರೋಳು, ನೀ ಹೇಳಮ್ಮ. ಏನಾಗಿದೆ ಇದಕ್ಕೆ? ಇವನಿಗೆ ಇನ್ನೊಂದ್ ಗಂಟೆ ಕೊಟ್ರೆ ಆಯ್ತದಾ?"

ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ:

"ಬೆಸುಗೆ ಸರಿಯಿಲ್ಲ ಸಾರ್. ಇದು ರೇಡಿಯೋ ಕೆಲಸ ಅಲ್ಲ. ಇವರಿಂದ ಆಗಲ್ಲ."

ಜವರಣ್ಣ ಕೂತಲ್ಲಿಂದಲೇ ತಲೆ ಎತ್ತಿ ನೋಡಿದರು. ಕೋಪ ಇರಲಿಲ್ಲ ಆ ನೋಟದಲ್ಲಿ. ಪುಸ್ತಕದಲ್ಲಿ ಏನಿದೆ ಅಂತ ಕೇಳುವಾಗ ಹೇಗೆ ನೋಡುತ್ತಿದ್ದರೋ ಹಾಗೇ ನೋಡಿದರು. "ಅಂಗಂತೀಯಾ?" ಅಂದರು. ನಾನು ತಲೆಯಾಡಿಸಿದೆ. "ಸರಿ ಬುಡು" ಅಂದು ಬೆಸುಗೆ ಕಡ್ಡಿಯ ಪ್ಲಗ್ಗು ಕಿತ್ತರು.

ಕಾದ ಕಡ್ಡಿಯನ್ನು ಕೂಡಲೇ ಚೀಲಕ್ಕೆ ಹಾಕುವ ಹಾಗಿಲ್ಲ. ಅದು ಆರುವವರೆಗೂ ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ನನಗೆ ಅಷ್ಟು ಹೊತ್ತು ಸಿಕ್ಕಿತ್ತು — ನಿಜ ಹೇಳಲು. ಕಡ್ಡಿ ಆರಿತು. ಅವರು ಎದ್ದು ಹೋದರು.

ಎರಡು ಬಿರಡೆಯನ್ನೂ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಊರಿಗೆ ಹೋದೆ. ಸಂಜೆ ಸೂಜಿಯಲ್ಲಿ ನಾರು ತೆಗೆದು, ಹತ್ತಿಯಲ್ಲಿ ಒರೆಸಿ, ಒಲೆಯ ಪಕ್ಕದ ಬೆಚ್ಚಗಿನ ಕಲ್ಲಿನ ಮೇಲಿಟ್ಟೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸಿಕ್ಕಿಸಿದೆ. ಜವರಣ್ಣ ಅರ್ಧಕ್ಕೆ ಬಿಟ್ಟಿದ್ದ ವೈರು ಹಾಗೇ ಇತ್ತು. ಅವರು ಹೊಸದಾಗಿ ಹಾಕಿದ ಎರಡು, ಮುಟ್ಟದೆ ಉಳಿದ ಹಳೆಯವು ಎರಡು. ನಾಲ್ಕೂ ಅವರದೇ ಬೆಸುಗೆ. ಒಂದನ್ನೂ ನಾನು ಮುಟ್ಟಲಿಲ್ಲ. ಮೂರು ಕಂಪ್ಯೂಟರಿನಿಂದಲೂ ಪ್ರಿಂಟು ಬಂತು.

ಶಿವಣ್ಣನವರು ಸಂಘಕ್ಕೆ ಫೋನು ಮಾಡಿದರು. "ಡಿಗ್ರಿ ಓದಿದೋರು ಕೈ ಇಟ್ರೆ ಹಿಂಗೆ ನೋಡಿ!" ಅಂದರು. ಸಂಘದವರು ಬಂದರು, ನೋಡಿದರು, ಕೆಲಸ ನನಗೆ ಕೊಟ್ಟರು. ಬೆಸೆಯುವ ಅಗತ್ಯವೇ ಇಲ್ಲದ, ಮೈಸೂರಿನಲ್ಲಿ ತಯಾರಾಗಿ ಬರುವ ವೈರು ತರಿಸಿ ಜೋಡಿಸಿದೆ. ಅಲ್ಲಿಂದ ಇನ್ನೊಂದು ಸಂಘ, ಅಲ್ಲಿಂದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ. ಜನ ನೆಟ್‌ವರ್ಕ್ ಮೇಡಂ ಅಂತ ಕರೆದರು. ಅಪ್ಪನನ್ನು ಬ್ಯಾರನ್ನಿನ ಮುಂದಿನಿಂದ ಎಬ್ಬಿಸಿ ಮನೆಯಲ್ಲಿ ಕೂರಿಸಿದೆ. ಕೆ.ಆರ್. ನಗರದ ಕಡೆಯ ಒಳ್ಳೆಯವರೊಬ್ಬರನ್ನು ಮದುವೆಯಾದೆ, ಹೆಣ್ಣು ಮಗು ಆಯಿತು. ಈಗ ಪಿರಿಯಾಪಟ್ಟಣದಲ್ಲಿದ್ದೇವೆ. ನೆಮ್ಮದಿಯಾಗಿದ್ದೇನೆ. ಸುಳ್ಳು ಯಾಕೆ ಹೇಳಲಿ — ಈ ಹನ್ನೊಂದು ವರ್ಷ ನನ್ನನ್ನು ಆ ತಪ್ಪು ದಿನಾ ಕುಟುಕಿತು ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಕುಟುಕಲಿಲ್ಲ. ವಾರಗಟ್ಟಲೆ ನೆನಪೇ ಆಗುತ್ತಿರಲಿಲ್ಲ. ಹುಣಸೂರಿಗೆ ಹೋದಾಗ ಮಾತ್ರ ಆ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ನಡೆಯುತ್ತಿದ್ದೆ. ಅಷ್ಟೇ.

ಈ ವರ್ಷ ನಮ್ಮ ಶಾಲೆಗೆ ಯಾರೋ ಪುಣ್ಯಾತ್ಮರು ತಮ್ಮ ಮನೆ, ನೆಂಟರ ಮನೆಗಳಲ್ಲಿ ಮೂಲೆ ಸೇರಿದ್ದ ಐದು ಹಳೇ ಕಂಪ್ಯೂಟರು, ಒಂದು ಪ್ರಿಂಟರು ಕೊಟ್ಟರು. ಈಗ ಎಲ್ಲ ಕಡೆ ಬೇರೆ ಥರದ ವೈರು, ತಂತಿಯೇ ಇಲ್ಲದೆಯೂ ಜೋಡಿಸುತ್ತಾರಂತೆ. ಇವಕ್ಕೆ ಮಾತ್ರ ಹಿಂದೆ ಅದೇ ದುಂಡು ಬಾಯಿ. ತಯಾರಾಗಿ ಬರುತ್ತಿದ್ದ ಆ ವೈರು ಈಗ ಸಿಗುವುದಿಲ್ಲ; ಹಳೇ ಕರಿ ವೈರು ಒಂದು ಸುರುಳಿ ಸಿಕ್ಕಿತು. ತುದಿಗಳನ್ನು ಬೆಸೆಯಬೇಕು. ಪಿರಿಯಾಪಟ್ಟಣದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಅಷ್ಟು ನಾಜೂಕು ಕೆಲಸಕ್ಕೆ ಹುಣಸೂರಿನ ರೇಡಿಯೋ ಜವರಣ್ಣನೇ ಆಗಬೇಕು ಮೇಡಂ."

ಹೋದೆ. ಬೋರ್ಡಿನಲ್ಲಿ ಎರಡನೆಯ ಸಾಲಿನ ಮೇಲೆ ಬಿಳಿ ಬಣ್ಣ ಬಳಿದು "ಮಿಕ್ಸಿ, ಟಿವಿ" ಅಂತ ಬರೆದಿತ್ತು. ಹಳೆಯ ಅಕ್ಷರ ಅಡಿಯಿಂದ ನೆರಳಿನ ಹಾಗೆ ಕಾಣುತ್ತಿತ್ತು.

"ಓಹೋಹೋ, ಬಿಎಸ್ಸಿ! ಬಾವ್ವ ಬಾ. ಗೌರಿ, ಯಾರ್ ಬಂದವ್ರೆ ನೋಡು!" ಜವರಣ್ಣನಿಗೆ ತಲೆ ನರೆತಿತ್ತು, ಕನ್ನಡಕ ಬಂದಿತ್ತು. ಮಗಳು ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ ಅಂದರು. ಕಾಫಿ ತರಿಸಿದರು. ನಾನು ವೈರಿನ ವಿಷಯ ಎತ್ತಿದೆ.

"ಅದೊಂದ್ ಮಾತ್ರ ಕೇಳ್ಬ್ಯಾಡ ಕಣವ್ವ. ಅದ ಕೈಬುಟ್ಬುಟ್ಟೆ."

"ಯಾಕೆ ಜವರಣ್ಣ?"

"ನೀನೇ ಯೋಳ್ನಿಲ್ವಾ, ನನ್ ಬೆಸುಗೆ ಸರಿಗಿಲ್ಲ ಅಂತ? ಓದ್ದೋಳು, ಸುಮ್ಕೆ ಯೋಳ್ತೀಯಾ?" ನಗುತ್ತಲೇ ಅಂದರು. ಚುಚ್ಚಲು ಹೇಳಿದ್ದಲ್ಲ. ನಂಬಿಕೊಂಡೇ ಹೇಳಿದ್ದು. "ಎಲ್ ತಪ್ಪಾಯ್ತು ಅಂತ ಇವತ್ಗಂಟ ಗೊತ್ತಾಗ್ನಿಲ್ಲ ನೋಡು."

ಒಳಗಿನಿಂದ ಗೌರಮ್ಮ ಸೇರಿಸಿದರು: "ಅವತ್ತಿಂದ ಈವಯ್ಯಂಗೊಂದು ರೋಗ ಕಣವ್ವ. ಒಂದ್ ರೇಡಿಯೋ ಬೆಸುದ್ರೆ ಎಲ್ಡೆಲ್ಡು ದಪ ನೋಡ್ತದೆ. ಗಿರಾಕಿ ಕಾದೂ ಕಾದೂ ಎದ್ದೋಯ್ತರೆ!"

ಕಾಫಿ ಲೋಟ ಕೆಳಗಿಟ್ಟೆ. ಅವತ್ತು ಹೇಳಲಾಗಲಿಲ್ಲ. ಬಸ್ಸು ಹತ್ತಿ ಬಂದುಬಿಟ್ಟೆ. ಡಿಗ್ರಿ ಅಂದರೆ ಏನು ಅಂತ ನನಗೆ ಆ ಬಸ್ಸಿನಲ್ಲಿ ಯೋಚನೆ ಬಂತು. ಅಮ್ಮ ಅದನ್ನು ಆಯುಧ ಅಂದಿದ್ದಳು. ನಾನು ಅದನ್ನು ಎತ್ತಿದ್ದು, ಮೊದಲ ಸಲ, ನನ್ನನ್ನು ನಂಬಿದವರ ಮೇಲೆ.

ಮುಂದಿನ ಭಾನುವಾರ ಮತ್ತೆ ಹೋದೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹುಣಸೆಹಣ್ಣಿನಿಂದ ಹಿಡಿದು ಒಲೆಯ ಕಲ್ಲಿನವರೆಗೆ ಎಲ್ಲ ಹೇಳಿದೆ. ಮಾಡಿದ್ದಕ್ಕೆ ಕಾರಣಗಳಿದ್ದವು: ಬಡತನ, ವಯಸ್ಸು, ಕೆಲಸ ಹೋಗುವ ಹೆದರಿಕೆ. ಒಂದನ್ನೂ ಅಲ್ಲಿ ಹೇಳಲಿಲ್ಲ. ಇಲ್ಲೂ ಹೇಳುವುದಿಲ್ಲ.

ಮೊದಲು ಬಾಯಿ ಬಿಟ್ಟವರು ಗೌರಮ್ಮ. "ಅಲ್ಲ ಕಣೆ, ಒಂದ್ ಮಾತ್ ಯೋಳಕ್ಕೆ ನಿಂಗೆ ಹನ್ನೊಂದ್ ವರ್ಸ ಬೇಕಾಯ್ತಾ? ಓದ್ದೋಳಂತೆ ಓದ್ದೋಳು! ಆ ಬೋಲ್ಡಿಗೆ ಬಣ್ಣ ಬಳ್ದ ದಿನ ಈವಯ್ಯ ಉಂಡಿಲ್ಲ, ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ.

ಜವರಣ್ಣ ಗೌರಮ್ಮನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಕೇಳಿದರು:

"ಅಂಗಾರೆ ಬೆಸುಗೆ ಸರಿಗಿತ್ತು?"

"ಸರಿಯಾಗಿತ್ತು ಜವರಣ್ಣ."

"ನಾಕೂವೆ?"

"ನಾಲ್ಕೂ. ನಾನು ಒಂದನ್ನೂ ಮುಟ್ಟಲಿಲ್ಲ. ಅದರಲ್ಲೇ ಪ್ರಿಂಟು ಬಂತು."

ಅವರು ಎದ್ದು ಅಂಗಡಿ ಬಾಗಿಲಿಗೆ ಹೋದರು. ತಿರುಗಿದಾಗ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನಾಕ್ ಜನದ್ ಮುಂದೆ ಅಂದಿದ್ದೆ ಕಣವ್ವ ನೀನು. ನಾಕ್ ಜನದ್ ಮುಂದೆ ಯೋಳು. ನಂಗಿನ್ನೇನೂ ಬ್ಯಾಡ."

ಆ ನಾಲ್ಕು ಜನರನ್ನು ಹುಡುಕಿದೆ. ಶಿವಣ್ಣನವರು ಕೆ.ಆರ್. ನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋಗಿ ಹೇಳಿದೆ. "ಹಳೇ ಕತೆ ಬಿಡಮ್ಮ" ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅವನು ಒಂದ್ ಗಂಟೆ ಕೇಳಿದ್ದ. ಕೊಡಬೌದಿತ್ತು ನಾನು" ಅಂದರು. ಸಂಘದ ಕಾರ್ಯದರ್ಶಿ ತೀರಿಕೊಂಡಿದ್ದಾರೆ. ಗುಮಾಸ್ತರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಬೆಂಚಿನ ಮೇಲೆ ಕೂತಿದ್ದ ರೈತರ ಹೆಸರು ನನಗೆ ಅವತ್ತೂ ಗೊತ್ತಿರಲಿಲ್ಲ. ಆ ಮೂವರ ಜಾಗದಲ್ಲಿ ಇದನ್ನು ಓದುತ್ತಿರುವ ನೀವು ನಿಂತು ಕೇಳಿಸಿಕೊಳ್ಳಿ: ಜವರಣ್ಣನವರ ನಾಲ್ಕು ಬೆಸುಗೆಯೂ ಸರಿಯಾಗಿತ್ತು. ಸುಳ್ಳು ಹೇಳಿದವಳು ಚಿಕ್ಕತಾಯಮ್ಮ, ಬಿಎಸ್ಸಿ.

ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಒಂದೇ ಆಕ್ಷೇಪಣೆ ಬಂತು — "ಟಿವಿ ವೈರು ತಂದಿದ್ದು ನಾನು ಅಂತ ಯಾಕವ್ವ ಬರ್ದೆ? ಅದ ತೆಗ್ದಾಕು." ತೆಗೆಯಲಿಲ್ಲ. ಇನ್ನು ಈ ವಿಷಯದಲ್ಲಿ ಏನನ್ನೂ ತೆಗೆಯುವುದಿಲ್ಲ ಅಂದೆ.

ಕ್ಷಮಿಸಿದೆ ಅಂತ ಅವರು ಹೇಳಿಲ್ಲ. ನಾನೂ ಕೇಳಿಲ್ಲ.

ಹೋದ ಶನಿವಾರ ಅವರು ಬೆಸುಗೆ ಕಡ್ಡಿಯ ಚೀಲ ಹಿಡಿದು ನಮ್ಮ ಶಾಲೆಗೆ ಬಂದರು. ಐದು ಕಂಪ್ಯೂಟರು, ನಾಲ್ಕು ತುಂಡು ವೈರು, ಎಂಟು ಬೆಸುಗೆ. ನಾನು ಪಕ್ಕದಲ್ಲಿ ನಿಂತು ಅವರು ಕೇಳಿದ್ದನ್ನು ಕೈಗೆ ಕೊಡುತ್ತಿದ್ದೆ. ಐದನೆಯ ಕಂಪ್ಯೂಟರಿನಲ್ಲಿ ಅವರೇ ಒಂದೊಂದು ಅಕ್ಷರ ಹುಡುಕಿ ತಮ್ಮ ಹೆಸರು ಒತ್ತಿದರು. ಆಚೆ ಮೂಲೆಯಲ್ಲಿ ಪ್ರಿಂಟರು ಕರಕರ ಅಂದಿತು. ಮಕ್ಕಳು ಚಪ್ಪಾಳೆ ಹೊಡೆದರು.

ಅದಕ್ಕೆ ಮೊದಲು, ಮೊದಲನೆಯ ಬೆಸುಗೆ ಆರಿದಾಗ, ಅವರು ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಅದನ್ನು ಹಿಡಿದು ನೋಡಿದರು. ಕೆಳಗಿಟ್ಟರು. ಮತ್ತೆ ಎತ್ತಿ, ತಿರುಗಿಸಿ, ಇನ್ನೊಮ್ಮೆ ನೋಡಿದರು. ಎಂಟಕ್ಕೆ ಎಂಟನ್ನೂ ಹಾಗೇ ಎರಡೆರಡು ಸಲ ನೋಡಿದರು.

ಮೊದಲನೆಯ ನೋಟ ಅವರ ಕಸುಬಿನದು. ಎರಡನೆಯದು ನಾನು ಕೊಟ್ಟದ್ದು.